ರೂಪಕುಂಡದ ಮೂಳೆಗಳು ಯಾರವು?

ಉತ್ತರಾಖಂಡದ ತ್ರಿಶೂಲ ಪರ್ವತದ ಮಗ್ಗುಲಲ್ಲಿ, 5,000 ಮೀಟರಿಗೂ ಎತ್ತರದಲ್ಲಿ ರೂಪಕುಂಡ ಅಂತ ಒಂದು ಪುಟ್ಟ ಕೆರೆ ಇದೆ. ವರ್ಷದ ಬಹುಪಾಲು ಹೆಪ್ಪುಗಟ್ಟಿರುತ್ತದೆ. ಹಿಮ ಕರಗಿದಾಗ ಸುತ್ತಲೂ ಕಾಣುವುದು ಮನುಷ್ಯರ ಮೂಳೆಗಳು, ನೂರಾರು ಜನರವು.

1942ರಲ್ಲಿ ಅರಣ್ಯ ಇಲಾಖೆಯ ಅಧಿಕಾರಿಯೊಬ್ಬರು ಇವನ್ನು ಕಂಡರು. ಆಮೇಲೆ ಊಹೆಗಳಿಗೇನೂ ಬರವಿರಲಿಲ್ಲ. ಜಪಾನಿ ಸೈನಿಕರಿರಬೇಕು ಎಂದವರೂ ಇದ್ದರು. ಸುತ್ತಲ ಹಳ್ಳಿಗಳಲ್ಲಿ ಹಳೆಯದೊಂದು ಕಥೆ ಮೊದಲೇ ಇತ್ತು: ನಂದಾದೇವಿಯ ಯಾತ್ರೆಗೆ ಹೊರಟ ರಾಜ ಕುಣಿಯುವವರನ್ನೂ ಕಟ್ಟಿಕೊಂಡು ಹೋದ, ದೇವಿ ಸಿಟ್ಟಾಗಿ ಎಲ್ಲರನ್ನೂ ಕೊಂದಳು ಅಂತ. ಮುಂದೆ ಕೆಲವು ಮೂಳೆಗಳ ಕಾಲ 9ನೇ ಶತಮಾನ ಎಂದು ಗೊತ್ತಾಯಿತು. ಕೆಲವು ತಲೆಬುರುಡೆಗಳ ಮೇಲೆ ಪೆಟ್ಟು ಬಿದ್ದ ಗುರುತೂ ಸಿಕ್ಕಿತು. ಸರಿ, ಯಾತ್ರಿಕರೆಲ್ಲ ಒಂದೇ ದಿನ ಆಲಿಕಲ್ಲಿನ ಮಳೆಗೆ ಸಿಕ್ಕಿ ಸತ್ತರು ಎಂಬ ಮಾತು ಹಬ್ಬಿತು. ಟೀವಿಯವರಿಗೆ ಹೇಳಿ ಮಾಡಿಸಿದ ಕಥೆ.

2019ರಲ್ಲಿ ಆ ಕಥೆ ಕೆಟ್ಟಿತು. ಹೈದರಾಬಾದಿನ ಸಿಸಿಎಂಬಿ (ಜೀವಕೋಶ ಮತ್ತು ಅಣುಜೀವ ವಿಜ್ಞಾನ ಕೇಂದ್ರ), ಲಖನೌದ ಬೀರಬಲ್ ಸಾಹ್ನಿ ಸಂಸ್ಥೆ, ಅಮೆರಿಕದ ಹಾರ್ವರ್ಡ್ ಮುಂತಾದ ಕಡೆಯ ವಿಜ್ಞಾನಿಗಳು 38 ಜನರ ಮೂಳೆಗಳಿಂದ ಡಿಎನ್ಎ ತೆಗೆದು ಓದಿದ್ದರು.

ಹಳೆಯ ಡಿಎನ್ಎ ಓದುವುದು ಸುಲಭದ ಕೆಲಸವಲ್ಲ. ಮೂಳೆಯನ್ನು ಕೊರೆದು ಪುಡಿ ತೆಗೆದರೆ, ಅದರಲ್ಲಿ ಸಿಗುವ ಡಿಎನ್ಎ ಚೂರುಚೂರಾಗಿರುತ್ತದೆ. ಮುಟ್ಟಿದವರ ಬೆವರು, ಮಣ್ಣಿನ ಬ್ಯಾಕ್ಟೀರಿಯಾ ಎಲ್ಲವೂ ಅದರಲ್ಲಿ ಬೆರೆತಿರುತ್ತವೆ. ಆದರೆ ಹಳೆಯ ಚೂರುಗಳ ತುದಿಯಲ್ಲಿ ಒಂದು ಗುರುತು ಇರುತ್ತದೆ. ಡಿಎನ್ಎಯ ನಾಲ್ಕು ಅಕ್ಷರಗಳಲ್ಲಿ (ಎ, ಸಿ, ಜಿ, ಟಿ ಎಂದು ಕರೆಯುವ ರಾಸಾಯನಿಕ ಘಟಕಗಳು) 'ಸಿ' ಕಾಲ ಕಳೆದಂತೆ ಕೆಡುತ್ತದೆ. ಯಂತ್ರ ಅದನ್ನು 'ಟಿ' ಎಂದು ಓದುತ್ತದೆ. ತುದಿಗಳಲ್ಲಿ ಈ ತಪ್ಪು ಜಾಸ್ತಿ ಇದ್ದರೆ ಅದು ನಿಜವಾಗಿಯೂ ಹಳೆಯ ಡಿಎನ್ಎ ಎಂಬ ಭರವಸೆ. ನಿನ್ನೆ ಮೊನ್ನೆ ಕೈಯಿಟ್ಟವರ ಡಿಎನ್ಎ ಹೀಗೆ ಹಾಳಾಗಿರುವುದಿಲ್ಲ.

38 ಜನರಲ್ಲಿ 23 ಮಂದಿ ನಮ್ಮ ಉಪಖಂಡದವರು. ಅವರೂ ಒಂದೇ ಕಡೆಯವರಲ್ಲ, ಬೇರೆಬೇರೆ ಮೂಲದವರು. ಎಲ್ಲರೂ ಒಟ್ಟಿಗೆ ಸತ್ತವರೂ ಅಲ್ಲ. ಅವರ ಕಾಲ 7ರಿಂದ 10ನೇ ಶತಮಾನದವರೆಗೆ ಹರಡಿದೆ. ಇಷ್ಟಕ್ಕೆ ಯಾರೂ ಬೆಚ್ಚುತ್ತಿರಲಿಲ್ಲ. ಆದರೆ ಉಳಿದವರಲ್ಲಿ 14 ಜನರ ಡಿಎನ್ಎ ಇವತ್ತಿನ ಗ್ರೀಸ್ ಮತ್ತು ಕ್ರೀಟ್ ದ್ವೀಪದವರಿಗೆ ತೀರ ಹತ್ತಿರ! ಹೆಂಗಸರೂ ಇದ್ದರು, ಗಂಡಸರೂ ಇದ್ದರು. ಇವರು ಸತ್ತಿದ್ದು ಹೆಚ್ಚುಕಡಿಮೆ 1800ರ ಆಸುಪಾಸಿನಲ್ಲಿ. ಇನ್ನೊಬ್ಬರ ಮೂಲ ಆಗ್ನೇಯ ಏಷ್ಯಾ.

ಗ್ರೀಸ್ ಅಂದ ಕೂಡಲೇ ಅಲೆಕ್ಸಾಂಡರ್ ನೆನಪಾಗುತ್ತಾನೆ, ಅಲ್ವಾ? ಅವನ ಸೈನಿಕರ ಸಂತತಿ ಇರಬಹುದೇ? ಇಲ್ಲ. ಎರಡು ಸಾವಿರ ವರ್ಷ ಇಲ್ಲೇ ಇದ್ದಿದ್ದರೆ ಇಲ್ಲಿನವರ ಜೊತೆ ಬೆರೆತಿರುತ್ತಿದ್ದರು. ಈ 14 ಜನರಲ್ಲಿ ಆ ಬೆರಕೆ ಇಲ್ಲ.

ಇನ್ನೊಂದು ಸಾಕ್ಷಿ ನಮ್ಮ ತಟ್ಟೆಗೆ ಸಂಬಂಧಪಟ್ಟದ್ದು. ರಾಗಿ, ಜೋಳ, ಸಜ್ಜೆಯಂಥ ಬೆಳೆಗಳು ಗಾಳಿಯಿಂದ ಇಂಗಾಲ ಹೀರುವ ಬಗೆ ಗೋಧಿ, ಅಕ್ಕಿಗಿಂತ ಬೇರೆ. ಹೀಗಾಗಿ ಅವುಗಳಲ್ಲಿ ಇಂಗಾಲದ ಭಾರವಾದ ಬಗೆ ತುಸು ಹೆಚ್ಚು. ತಿಂದವರ ಮೂಳೆಯಲ್ಲೂ ಆ ವ್ಯತ್ಯಾಸ ಉಳಿಯುತ್ತದೆ. ಬದುಕಿನ ಕೊನೆಯ ಹತ್ತಿಪ್ಪತ್ತು ವರ್ಷ ಏನು ತಿಂದರು ಎನ್ನುವುದನ್ನು ಮೂಳೆಯೇ ಹೇಳುತ್ತದೆ. ಉಪಖಂಡದ ಗುಂಪಿನಲ್ಲಿ ಊಟ ಒಬ್ಬೊಬ್ಬರದು ಒಂದೊಂದು ಥರ, ಕೆಲವರು ಸಿರಿಧಾನ್ಯವನ್ನೂ ತಿಂದಿದ್ದರು. ಗ್ರೀಸ್ ಕಡೆಯ 14 ಜನರ ಗುಂಪಿನಲ್ಲಿ ಅದರ ಸುಳಿವು ತೀರ ಕಡಿಮೆ. ಅಂದರೆ ಇವರು ಬಹುಶಃ ಬೆಳೆದದ್ದೂ ಆ ಕಡೆಯೇ.

ನನಗೆ ಕುತೂಹಲ ಹುಟ್ಟಿಸುವುದು ಈ ಹದಿನಾಲ್ಕು ಜನಕ್ಕಿಂತ, ನಾಲ್ಕಾರು ಮೂಳೆಗಳ ಕಾಲ ನೋಡಿ ನೂರಾರು ಜನರ ಕಥೆ ಕಟ್ಟಿದ ನಮ್ಮ ಅವಸರ. ಮೂಳೆಗಳು ಜಾರಿ, ಉರುಳಿ, ಒಂದರೊಳಗೊಂದು ಕಲಸಿಹೋಗಿದ್ದವು. ಸಾಲದ್ದಕ್ಕೆ ಚಾರಣಕ್ಕೆ ಹೋದವರು ಫೋಟೋಗಾಗಿ ಗುಡ್ಡೆ ಹಾಕಿದರು, ಕೆಲವರು ನೆನಪಿಗೆಂದು ಎತ್ತಿಕೊಂಡೂ ಹೋದರು. ಯಾವ ಮೂಳೆ ಯಾರ ಪಕ್ಕ ಬಿದ್ದಿತ್ತು ಎಂದು ನೋಡಿ ತಿಳಿಯುವ ದಾರಿ ಹೀಗೆ ಮುಚ್ಚಿಹೋಯಿತು. ಗುಂಪುಗಳನ್ನು ಬೇರೆ ಮಾಡಿ ತೋರಿಸಿದ್ದು ಡಿಎನ್ಎ. ಆ ಹದಿನಾಲ್ಕು ಜನ ಅಷ್ಟು ದೂರದಿಂದ ಬಂದು ಆ ಎತ್ತರಕ್ಕೆ ಯಾಕೆ ಹತ್ತಿದರು ಅಂತ ಮಾತ್ರ ಅದು ಹೇಳಲಾರದು. ಅದಕ್ಕೆ ಯಾವುದೋ ಪತ್ರವೋ ದಿನಚರಿಯೋ ಸಿಗಬೇಕು.