ಪ್ರಾಸ್ಟೇಟ್ 48 ಗ್ರಾಂ ಇದ್ದರೆ ಆಪರೇಷನ್ ಮಾಡಿಸಲೇಬೇಕೇ?

ಪ್ರಶ್ನೆ: ನಮ್ಮ ತಂದೆಯವರಿಗೆ 67 ವರ್ಷ. ಹೊಟ್ಟೆಯ ಸ್ಕ್ಯಾನಿಂಗ್ ವರದಿಯಲ್ಲಿ ಪ್ರಾಸ್ಟೇಟ್ 48 ಗ್ರಾಂ, ‘ಗ್ರೇಡ್ 2’ ಎಂದು ಬರೆದಿದ್ದಾರೆ. ಆಪರೇಷನ್ ಆಗಲೇಬೇಕೇ, ಮಾತ್ರೆಯಲ್ಲಿ ವಾಸಿಯಾಗುತ್ತದೆಯೇ?

ಉತ್ತರ: ಗ್ರಾಂ ಲೆಕ್ಕವೊಂದನ್ನು ಬಿಟ್ಟರೆ ಇದೇ ಪ್ರಶ್ನೆ ನನಗೆ ವರ್ಷವಿಡೀ ಬರುತ್ತಿರುತ್ತದೆ. ನಿಮ್ಮ ಪತ್ರದಲ್ಲಿ ತಂದೆಯವರ ವಯಸ್ಸಿದೆ, ಪ್ರಾಸ್ಟೇಟ್ ಗ್ರಂಥಿಯ ತೂಕವಿದೆ. ಅವರಿಗೆ ಆಗುತ್ತಿರುವ ತೊಂದರೆ ಏನೆಂಬುದು ಮಾತ್ರ ಇಲ್ಲ. ಮೂತ್ರದ ಧಾರೆ ಸಣ್ಣದಾಗಿದೆಯೇ, ಶುರುವಾಗುವುದಕ್ಕೆ ಕಾಯಬೇಕೇ, ಮುಗಿಸಿ ಬಂದ ಮೇಲೂ ಉಳಿದಿದೆ ಎನಿಸುತ್ತದೆಯೇ, ರಾತ್ರಿ ಎಷ್ಟು ಸಲ ಏಳುತ್ತಾರೆ ಎಂಬುದರ ಮೇಲೆ ಚಿಕಿತ್ಸೆ ನಿಂತಿದೆಯೇ ಹೊರತು ತೂಕದ ಮೇಲಲ್ಲ.

ತೂಕ ಹೆಚ್ಚಿದಷ್ಟೂ ರೋಗ ಹೆಚ್ಚು ಎಂಬ ನಂಬಿಕೆಯನ್ನು ಎಷ್ಟು ಸಲ ಅಲ್ಲಗಳೆದರೂ ಅದು ಮತ್ತೆ ಚಿಗುರುತ್ತದೆ. ಮೂತ್ರಕೋಶದ ಬುಡದಲ್ಲಿರುವ, ಪ್ರಾಯದಲ್ಲಿ ಸುಮಾರು 20 ಗ್ರಾಂ ಇರುವ ಈ ಗ್ರಂಥಿಯ ನಡುವಿನಿಂದಲೇ ಮೂತ್ರನಾಳ ಹಾದುಹೋಗುತ್ತದೆ. ಗ್ರಂಥಿ ಹೊರಮುಖವಾಗಿ ಬೆಳೆದರೆ 80 ಗ್ರಾಂ ಆದರೂ ದಾರಿ ತೆರೆದೇ ಇರಬಹುದು. ಅದರ ನಡುಭಾಗವೊಂದೇ ಮೇಲಕ್ಕೆ ಬೆಳೆದು ಮೂತ್ರಕೋಶದ ಬಾಯಿಗೆ ಮುಚ್ಚಳದಂತೆ ಕುಳಿತರೆ 30 ಗ್ರಾಮಿಗೇ ಮೂತ್ರ ಕಟ್ಟಿಕೊಳ್ಳಬಹುದು.

ಅಷ್ಟಕ್ಕೂ ಆ 48 ಗ್ರಾಂ ಎಲ್ಲಿಂದ ಬಂತು? ತಕ್ಕಡಿಯಲ್ಲಿಟ್ಟು ತೂಗಿದ್ದಲ್ಲ. ಪರದೆಯ ಮೇಲೆ ಉದ್ದ, ಅಗಲ, ದಪ್ಪಗಳಿಗೆ ಗುರುತು ಹಾಕಿ, ಮೂರನ್ನೂ ಗುಣಿಸಿ, ಬಂದದ್ದನ್ನು 0.52ರಿಂದ ಗುಣಿಸಿದ ಅಂದಾಜು ಅದು. 4.9, 4.5 ಮತ್ತು 4.2 ಸೆಂಟಿಮೀಟರ್ ಎಂದು ಅಳೆದರೆ 48 ಬರುತ್ತದೆ. ಮುಂದಿನ ತಿಂಗಳು ಬೇರೊಬ್ಬರು ಪ್ರತಿ ಅಳತೆಯಲ್ಲೂ ಮೂರು ಮಿಲಿಮೀಟರ್ ಈಚೆಗೆ ಗುರುತು ಹಾಕಿದರೆ ಅದೇ ಗ್ರಂಥಿ 39 ಗ್ರಾಂ ಆಗುತ್ತದೆ. ಯಾವುದೋ ಪುಡಿಯನ್ನು ತಿಂಗಳು ಸೇವಿಸಿ, ಎರಡು ವರದಿಗಳನ್ನು ಮುಂದಿಟ್ಟು, ‘ನೋಡಿ ಸಾರ್, ಕರಗಿದೆ’ ಎನ್ನುವವರಿಗೆ ನಾನು ಈ ಗುಣಾಕಾರವನ್ನು ಚೀಟಿಯ ಮೇಲೆ ಮಾಡಿಯೇ ತೋರಿಸುತ್ತೇನೆ. ಕೆಲವರು ಒಪ್ಪುತ್ತಾರೆ, ಕೆಲವರು ಪುಡಿ ಮುಂದುವರಿಸುತ್ತಾರೆ.

ಇನ್ನು ‘ಗ್ರೇಡ್ 2’ ಎಂಬ ಮಾತು ಮನೆಮಂದಿಯ ನಿದ್ದೆಗೆಡಿಸುತ್ತದೆ. ಅದು ಗಾತ್ರವನ್ನು ಸೂಚಿಸುವ ರೂಢಿಯ ಮಾತು, ಕ್ಯಾನ್ಸರಿನ ಹಂತವಲ್ಲ. ವಯಸ್ಸಿನಿಂದ ಬರುವ ಈ ಊತ ಮುಂದೆ ಕ್ಯಾನ್ಸರ್ ಆಗಿ ತಿರುಗುವುದಿಲ್ಲ. ಆದರೆ ಎರಡೂ ಒಟ್ಟಿಗೆ ಇರಬಹುದಾದ್ದರಿಂದ ಪಿಎಸ್‌ಎ (ಪ್ರಾಸ್ಟೇಟ್ ರಕ್ತಕ್ಕೆ ಬಿಡುವ ಒಂದು ಪ್ರೋಟೀನ್) ರಕ್ತಪರೀಕ್ಷೆಯನ್ನೂ ಗುದದ್ವಾರದ ಮೂಲಕ ವೈದ್ಯರು ಮಾಡುವ ಬೆರಳಿನ ತಪಾಸಣೆಯನ್ನೂ ಸಂಕೋಚವಿಲ್ಲದೆ ಮಾಡಿಸಿಕೊಳ್ಳಬೇಕು.

ತೊಂದರೆ ಅಲ್ಪವಾಗಿದ್ದರೆ ಔಷಧವೇ ಬೇಡ. ಸಂಜೆಯ ನಂತರ ನೀರು, ಕಾಫಿ ಕಡಿಮೆ ಮಾಡಿ, ಮಲಬದ್ಧತೆ ನೋಡಿಕೊಂಡರೆ ಸಾಕು. ನಡುಮಟ್ಟದ ತೊಂದರೆಗೆ ಟ್ಯಾಮ್ಸುಲೋಸಿನ್‌ನಂಥ ಮಾತ್ರೆ ಬಿಗಿದ ಸ್ನಾಯುವನ್ನು ಸಡಿಲಿಸುತ್ತದೆ, ಗುಣ ಕೆಲವೇ ದಿನಗಳಲ್ಲಿ ಕಾಣುತ್ತದೆ. ಥಟ್ಟನೆ ಎದ್ದಾಗ ತಲೆ ಸುತ್ತಬಹುದು. ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆ ಮಾಡಿಸುವುದಿದ್ದರೆ ಈ ಮಾತ್ರೆಯ ವಿಷಯವನ್ನು ಕಣ್ಣಿನ ವೈದ್ಯರಿಗೆ ಮೊದಲೇ ತಿಳಿಸಬೇಕು, ಇದು ಪಾಪೆಯ ಸುತ್ತಲಿನ ಸ್ನಾಯುವನ್ನೂ ಸಡಿಲಗೊಳಿಸುತ್ತದೆ. ಗ್ರಂಥಿಯನ್ನು ನಿಜವಾಗಿ ಕುಗ್ಗಿಸುವುದು ಫಿನಾಸ್ಟರೈಡ್, ಡ್ಯುಟಾಸ್ಟರೈಡ್‌ಗಳು. ಫಲ ಕಾಣಲು ಆರು ತಿಂಗಳಾದರೂ ಬೇಕು, ಮತ್ತು ಆ ವೇಳೆಗೆ ಪಿಎಸ್‌ಎ ಸುಮಾರು ಅರ್ಧಕ್ಕೆ ಇಳಿಯುವುದರಿಂದ ವರದಿಯ ಅಂಕಿಯನ್ನು ಇಮ್ಮಡಿ ಮಾಡಿ ಓದಬೇಕು. ಅಂಗಡಿಯಲ್ಲಿ ಕೇಳಿ ತರುವ ನೆಗಡಿ ಮಾತ್ರೆಯನ್ನು ಮಾತ್ರ ದೂರವಿಡಿ. ಮೂಗು ಕಟ್ಟಿದ್ದಕ್ಕೆಂದು ನುಂಗಿದ ಒಂದು ಮಾತ್ರೆಯಿಂದ ರಾತ್ರಿ ಮೂತ್ರವೇ ಕಟ್ಟಿಕೊಂಡು, ಪೈಪು ಹಾಕಿಸಿಕೊಳ್ಳಲು ಬಂದವರನ್ನು ನಾನು ಬೇಕಾದಷ್ಟು ಕಂಡಿದ್ದೇನೆ.

ಶಸ್ತ್ರಚಿಕಿತ್ಸೆ ಬೇಕಾಗುವುದು ಮೂತ್ರ ಮತ್ತೆ ಮತ್ತೆ ಕಟ್ಟಿಕೊಂಡಾಗ, ಒತ್ತಡ ಹಿಂದಕ್ಕೆ ಸರಿದು ಮೂತ್ರಪಿಂಡ ಸೊರಗಿದಾಗ, ಮೂತ್ರಕೋಶದಲ್ಲಿ ಕಲ್ಲಾದಾಗ, ಸೋಂಕು ಅಥವಾ ರಕ್ತ ಮರುಕಳಿಸಿದಾಗ, ಇಲ್ಲವೇ ಮಾತ್ರೆಗಳಿಂದ ನೆಮ್ಮದಿ ಸಿಗದಿದ್ದಾಗ. ಸಾಮಾನ್ಯವಾಗಿ ಹೊಟ್ಟೆ ಕೊಯ್ಯುವುದಿಲ್ಲ. ಬೆನ್ನಿಗೆ ಇಂಜೆಕ್ಷನ್ ಕೊಟ್ಟು, ಮೂತ್ರನಾಳದೊಳಗಿಂದಲೇ ಉಪಕರಣ ತೂರಿಸಿ, ಅಡ್ಡವಾದ ಭಾಗವನ್ನು ವಿದ್ಯುತ್ತಿನಿಂದಲೋ ಲೇಸರಿನಿಂದಲೋ ಕೆರೆದು ತೆಗೆಯುತ್ತಾರೆ. ಆಮೇಲೆ ವೀರ್ಯ ಹೊರಬರುವ ಬದಲು ಮೂತ್ರಕೋಶಕ್ಕೆ ಹಿಂದಿರುಗುವುದು ಸಾಮಾನ್ಯ, ಇದನ್ನು ಮುಂಚೆಯೇ ಹೇಳಿಸಿಕೊಳ್ಳಿ. ಹೆದರಿ ವರ್ಷಗಟ್ಟಲೆ ಮುಂದೂಡಿದರೆ, ತಳ್ಳಿ ತಳ್ಳಿ ದಣಿದ ಮೂತ್ರಕೋಶ ಜೋಲುಬಿದ್ದು, ದಾರಿ ಬಿಡಿಸಿಕೊಟ್ಟ ಮೇಲೂ ಕುಗ್ಗಲಾರದ ಸ್ಥಿತಿಗೆ ಬರಬಹುದು. ಆಗ ಶಸ್ತ್ರಚಿಕಿತ್ಸೆ ಕೈಹಿಡಿಯಲಿಲ್ಲವೆಂದು ದೂರುವವರೇ ಹೆಚ್ಚು.

ನೀವು ಕೇಳದಿದ್ದರೂ ಇನ್ನೊಂದು ವಿಷಯ ಹೇಳಬೇಕು. ರಾತ್ರಿ ನಾಲ್ಕು ಸಲ ಏಳುವ ಹಿರಿಯರೆಲ್ಲರ ದೋಷವೂ ಪ್ರಾಸ್ಟೇಟಿನದಲ್ಲ. ಸಂಜೆಗೆ ಕಾಲು ಬಾತುಕೊಳ್ಳುವವರು ಮಲಗಿದೊಡನೆ ಆ ನೀರು ರಕ್ತಕ್ಕೆ ಮರಳಿ ಮೂತ್ರವಾಗುತ್ತದೆ. ಹತೋಟಿ ತಪ್ಪಿದ ಸಕ್ಕರೆ ಕಾಯಿಲೆ, ಗೊರಕೆಯ ನಡುವೆ ಉಸಿರು ನಿಲ್ಲುವ ತೊಂದರೆ, ಸಂಜೆ ನುಂಗುವ ಮೂತ್ರವರ್ಧಕ ಮಾತ್ರೆ, ಇವೂ ಎಬ್ಬಿಸುತ್ತವೆ. ಪತ್ತೆಹಚ್ಚುವುದು ಸುಲಭ: ಅಳತೆ ಗುರುತಿರುವ ಒಂದು ಪ್ಲಾಸ್ಟಿಕ್ ಜಗ್ಗನ್ನು ಬಚ್ಚಲಲ್ಲಿಟ್ಟು, ಮೂರು ದಿನ ಪ್ರತಿ ಸಲದ ಹೊತ್ತು ಮತ್ತು ಪ್ರಮಾಣವನ್ನು ಬರೆದಿಡಲಿ. ದಿನದ ಒಟ್ಟು ಮೂತ್ರದಲ್ಲಿ ಮೂರನೆಯ ಒಂದು ಪಾಲಿಗಿಂತ ಹೆಚ್ಚು ರಾತ್ರಿಯೇ ಬರುತ್ತಿದ್ದರೆ ಗ್ರಂಥಿ ಕೆರೆದರೂ ಅವರು ಏಳುವುದು ತಪ್ಪದು. ಮುಂದಿನ ಸಲ ವೈದ್ಯರ ಬಳಿ ಹೋಗುವಾಗ ಆ ಚೀಟಿಯನ್ನು ಮೇಲಿಟ್ಟು, ಸ್ಕ್ಯಾನಿಂಗ್ ವರದಿಯನ್ನು ಕೆಳಗಿಟ್ಟುಕೊಂಡು ಹೋಗಿ.