ಕರುಳಿನ ಗೋಡೆಗೆ ಅಂಟಿ ಕೂರುವ ರೋಗಾಣು

ಕಾಲರಾ ರೋಗಾಣು ನಮ್ಮ ದೇಹದ ಒಂದೇ ಒಂದು ಜೀವಕೋಶದ ಒಳಗೂ ಹೋಗುವುದಿಲ್ಲ. ಕರುಳಿನ ಗೋಡೆಗೆ ಅಂಟಿಕೊಂಡು ಕೂರುತ್ತದೆ, ಅಷ್ಟೇ. ಆದರೂ ಚಿಕಿತ್ಸೆ ಸಿಗದಿದ್ದರೆ ಗಟ್ಟಿಮುಟ್ಟಾದ ಮನುಷ್ಯನನ್ನು ಕೆಲವೇ ಗಂಟೆಗಳಲ್ಲಿ ಕೊಲ್ಲಬಲ್ಲದು. ರೋಗಾಣು ಅಂದರೆ ನಮ್ಮನ್ನು ಒಳಗಿನಿಂದ ಕೊರೆದು ತಿನ್ನುವ ಹುಳು ಎಂದುಕೊಂಡವರಿಗೆ ಇದು ವಿಚಿತ್ರ ಅನ್ನಿಸಬಹುದು.

ಸೂಕ್ಷ್ಮಜೀವಿ ಮೈಯಲ್ಲಿದ್ದ ಮಾತ್ರಕ್ಕೆ ರೋಗ ಬರುವುದಿಲ್ಲ. ಈ ಹೊತ್ತಿಗೂ ನಮ್ಮೊಬ್ಬೊಬ್ಬರ ದೇಹದಲ್ಲಿ ಸುಮಾರು 38 ಲಕ್ಷ ಕೋಟಿ ಬ್ಯಾಕ್ಟೀರಿಯಾ ಇವೆ. ನಮ್ಮದೇ ಜೀವಕೋಶಗಳ ಎಣಿಕೆಯೂ ಹೆಚ್ಚು ಕಮ್ಮಿ ಅಷ್ಟೇ! ಇವುಗಳಲ್ಲಿ ಹೆಚ್ಚಿನವು ಯಾರ ತಂಟೆಗೂ ಹೋಗದೆ ಕರುಳಿನಲ್ಲಿ ತಮ್ಮ ಪಾಡಿಗೆ ಬದುಕುತ್ತವೆ.

ಹಾಗಾದರೆ ಕಾಲರಾ ರೋಗಾಣುವಿನಲ್ಲಿ ಇರುವುದಾದರೂ ಏನು? ಅದು ಬರುವ ದಾರಿಯನ್ನೇ ನೋಡೋಣ. ಕೊಳಕು ನೀರಿನ ಜೊತೆ ಹೊಟ್ಟೆಗೆ ಇಳಿದ ಕೂಡಲೇ ಜಠರದ ಆಮ್ಲ ಎದುರಾಗುತ್ತದೆ. ಅಲ್ಲೇ ಹೆಚ್ಚಿನವು ಸಾಯುತ್ತವೆ. ಹಾಗಾಗಿ ಆರೋಗ್ಯವಂತರಿಗೆ ಕಾಲರಾ ಬರಬೇಕಾದರೆ ಸಾಮಾನ್ಯವಾಗಿ ಕೋಟಿಗಟ್ಟಲೆ ರೋಗಾಣುಗಳು ಹೊಟ್ಟೆ ಸೇರಬೇಕು. ಆಮ್ಲ ಕಮ್ಮಿ ಇರುವವರಿಗೆ ಅದಕ್ಕಿಂತ ತುಂಬಾ ಕಮ್ಮಿ ಸಾಕು. ರಕ್ತಭೇದಿ ತರುವ ಶಿಗೆಲ್ಲಾ ಎಂಬ ಬ್ಯಾಕ್ಟೀರಿಯಾ ಆಮ್ಲಕ್ಕೆ ಅಷ್ಟು ಸುಲಭವಾಗಿ ಬಗ್ಗುವುದಿಲ್ಲ. ಅದು 10ರಿಂದ 100 ಇದ್ದರೂ ಸಾಕು, ಕೆಲಸ ಕೆಟ್ಟಿತು.

ಆಮ್ಲ ದಾಟಿ ಉಳಿದವು ಬಾಲ ಆಡಿಸುತ್ತಾ ಲೋಳೆಯಲ್ಲಿ ಈಜಿ ಸಣ್ಣ ಕರುಳಿನ ಗೋಡೆ ತಲುಪುತ್ತವೆ. ಮೈಮೇಲಿನ ಕೂದಲಿನಂಥ ಎಳೆಗಳಿಂದ ಅಲ್ಲಿ ಭದ್ರವಾಗಿ ನೆಲೆಯೂರುತ್ತವೆ. ಇಲ್ಲದಿದ್ದರೆ ಕರುಳಿನ ಹರಿವು ಅವುಗಳನ್ನು ಹೊರಗೆ ತಳ್ಳಿಬಿಡುತ್ತಿತ್ತು, ಅಲ್ವಾ? ಕೂತಲ್ಲೇ ಅವು ಒಂದು ನಂಜನ್ನು ಬಿಡುತ್ತವೆ. ಆ ನಂಜಿಗೆ ಆರು ತುಂಡುಗಳು. ಐದು ತುಂಡುಗಳು ಜೀವಕೋಶದ ಹೊರಮೈಯನ್ನು ಕಚ್ಚಿ ಹಿಡಿಯುತ್ತವೆ. ಆರನೆಯದು ಒಳಗೆ ನುಗ್ಗುತ್ತದೆ. ಜೀವಕೋಶದಿಂದ ಉಪ್ಪಿನಂಶ ಹೊರಬಿಡುವ ಒಂದು ವ್ಯವಸ್ಥೆ ನಮ್ಮಲ್ಲಿ ಮೊದಲಿನಿಂದಲೂ ಇದೆ. ಬೇಕಾದಾಗ ತೆರೆಯುತ್ತದೆ, ಬೇಡವಾದಾಗ ಮುಚ್ಚುತ್ತದೆ. ನಂಜು ಅದನ್ನು ಮುಚ್ಚಲು ಬಿಡುವುದಿಲ್ಲ. ನಲ್ಲಿ ಪೂರ್ತಿ ತಿರುಗಿಸಿ ಹಿಡಿ ಮುರಿದ ಹಾಗೆ. ಉಪ್ಪಿನ ಹಿಂದೆಯೇ ನೀರೂ ಹೋಗುತ್ತದೆ. ರೋಗ ಜೋರಾದಾಗ ಗಂಟೆಗೆ ಒಂದು ಲೀಟರಿನಷ್ಟು ನೀರು ಭೇದಿಯಾಗಿ ಹೋಗಬಹುದು. ಸಾವು ಬರುವುದು ಹೀಗೆ ನೀರು ಬತ್ತಿ.

ಕಾಲರಾ ತರುವುದು ನಂಜು ಎಂದು ತೋರಿಸಿಕೊಟ್ಟವರು ಕಲ್ಕತ್ತಾದ ವಿಜ್ಞಾನಿ ಶಂಭುನಾಥ್ ಡೇ. ಜರ್ಮನಿಯ ವಿಜ್ಞಾನಿ ರಾಬರ್ಟ್ ಕಾಖ್ 1884ರಲ್ಲಿ ಅದೇ ಊರಿನಲ್ಲಿ ಈ ರೋಗಾಣುವನ್ನು ಬೇರ್ಪಡಿಸಿದ್ದರು. ಆದರೆ ಅದು ಮನುಷ್ಯನನ್ನು ಕೊಲ್ಲುವ ಬಗೆ ಇನ್ನೂ 75 ವರ್ಷ ಬಗೆಹರಿದಿರಲಿಲ್ಲ. ಡೇ ಅವರು ರೋಗಾಣು ಬೆಳೆದ ದ್ರವವನ್ನು ಸೋಸಿ, ಒಂದೂ ಬ್ಯಾಕ್ಟೀರಿಯಾ ಉಳಿಯದಂತೆ ಮಾಡಿ, ಮೊಲದ ಕರುಳಿನ ಎರಡೂ ಕಡೆ ಕಟ್ಟಿದ ತುಂಡಿಗೆ ಹಾಕಿದರು. ತುಂಡು ನೀರು ತುಂಬಿ ಊದಿಕೊಂಡಿತು. ರೋಗಾಣು ಇಲ್ಲ, ರೋಗ ಇದೆ! 1959ರಲ್ಲಿ ಪ್ರಕಟವಾದ ಇಷ್ಟು ಸರಳ, ಇಷ್ಟು ಚೆಂದದ ಪ್ರಯೋಗ ಮಾಡಿದವರ ಹೆಸರು ನಮ್ಮ ಎಷ್ಟೋ ಮಕ್ಕಳಿಗೆ ಗೊತ್ತಿಲ್ಲ ಅನ್ನುವುದು ನನಗೆ ನಿಜಕ್ಕೂ ಬೇಸರದ ಸಂಗತಿ.

ಎಲ್ಲ ರೋಗಾಣುಗಳ ದಾರಿಯೂ ಇದೇ ಅಲ್ಲ. ಧನುರ್ವಾಯು ತರುವುದೂ ನಂಜೇ, ಆದರೆ ಅದು ನರದಗುಂಟ ಬೆನ್ನುಹುರಿಗೆ ಹೋಗುತ್ತದೆ. ವೈರಸ್‌ಗಳು ಜೀವಕೋಶದೊಳಗೆ ಹೋಗಲೇಬೇಕು, ಇಲ್ಲದಿದ್ದರೆ ಅವುಗಳ ಸಂತತಿ ಬೆಳೆಯುವುದಿಲ್ಲ. ಕ್ಷಯದ ಬ್ಯಾಕ್ಟೀರಿಯಾ ಇನ್ನೂ ಬೇರೆ. ರೋಗಾಣುಗಳನ್ನು ನುಂಗಬೇಕಾದ ಕಾವಲು ಜೀವಕೋಶದ ಹೊಟ್ಟೆಯೊಳಗೇ ಅದು ವರ್ಷಗಟ್ಟಲೆ ತೆಪ್ಪಗೆ ಇರಬಲ್ಲದು. ಆ ರೋಗದಲ್ಲಿ ಶ್ವಾಸಕೋಶ ಹಾಳಾಗುವುದಕ್ಕೆ ನಮ್ಮದೇ ದೇಹದ ಹೋರಾಟವೂ ದೊಡ್ಡ ಕಾರಣ. ಜ್ವರವೂ ಹಾಗೆಯೇ. ಮೈಯ ಬಿಸಿ ಏರಿಸುವುದು ನಮ್ಮ ಮಿದುಳು.

ಕಾಲರಾದಲ್ಲಿ ನಮಗೆ ಅನುಕೂಲವಾದ ಒಂದು ವಿಷಯ ಇದೆ. ನಂಜು ಒಂದು ನಲ್ಲಿಯನ್ನು ಕೆಡಿಸುತ್ತದೆ, ನಿಜ. ಆದರೆ ಸಕ್ಕರೆ ಮತ್ತು ಉಪ್ಪನ್ನು ಒಟ್ಟಿಗೆ ಒಳಗೆಳೆಯುವ ಇನ್ನೊಂದು ದಾರಿಯನ್ನು ಮುಟ್ಟುವುದಿಲ್ಲ. ಆ ದಾರಿಯಲ್ಲಿ ನೀರೂ ಒಳಗೆ ಬರುತ್ತದೆ. ಓಆರ್‌ಎಸ್, ಅಂದರೆ ಉಪ್ಪು ಸಕ್ಕರೆ ಬೆರೆಸಿದ ಕುಡಿಯುವ ನೀರು, ಕೆಲಸ ಮಾಡುವುದು ಹೀಗೆ. ಅದು ಒಂದು ರೋಗಾಣುವನ್ನೂ ಕೊಲ್ಲುವುದಿಲ್ಲ. ನಂಜು ತಗುಲಿದ ಜೀವಕೋಶಗಳು ಕೆಲವು ದಿನಗಳಲ್ಲಿ ತಾವಾಗಿಯೇ ಉದುರಿ ಹೊಸವು ಬರುತ್ತವೆ. ಅಲ್ಲಿಯವರೆಗೆ ಹೋದ ನೀರನ್ನು ತುಂಬುತ್ತಿರಬೇಕು.

1971ರಲ್ಲಿ ಬಾಂಗ್ಲಾದೇಶದ ಯುದ್ಧದಿಂದ ಓಡಿಬಂದ ನಿರಾಶ್ರಿತರ ನಡುವೆ, ಪಶ್ಚಿಮ ಬಂಗಾಳದ ಗಡಿಯ ಬನಗಾಂವ್‌ನಲ್ಲಿ, ಕಾಲರಾ ಹಬ್ಬಿತು. ರಕ್ತನಾಳಕ್ಕೆ ಕೊಡುವ ಸಲೈನ್ ಸಾಲದಾಯಿತು. ಡಾ. ದಿಲೀಪ್ ಮಹಲನಬೀಸ್ ಉಪ್ಪು ಸಕ್ಕರೆ ಬೆರೆಸಿದ ನೀರನ್ನು ಡ್ರಮ್ಮುಗಳಲ್ಲಿ ತುಂಬಿಸಿ ಕುಡಿಸಲು ಹೇಳಿದರು. ಶೇ 30ರಷ್ಟಿದ್ದ ಸಾವು ಶೇ 4ಕ್ಕಿಂತ ಕೆಳಗಿಳಿಯಿತು. ನರ್ಸ್‌ಗಳೂ ಸಾಕಷ್ಟು ಇರಲಿಲ್ಲ. ಲೋಟ ಹಿಡಿದು ಪಕ್ಕದಲ್ಲಿ ಕೂತು ಕುಡಿಸಿದವರು ರೋಗಿಗಳ ಮನೆಯವರೇ.