ಜನರೇಟರ್ ಹೇಗೆ ನಿಂತಿತು ಅಂತ ಮೊದಲು ಹೇಳಿ

ಮೋಟರ್‌ಹೋಮ್‌ನ, ಅಂದರೆ ಮನೆಯಂತೆ ವಾಸಮಾಡುವ ಗಾಡಿಯ, ಜನರೇಟರ್ ಪದೇ ಪದೇ ನಿಲ್ಲುತ್ತಿದೆ ಅಂತ ಫೋನ್ ಬಂದರೆ ನಾನು ಕೇಳುವುದು ಎರಡೇ ಪ್ರಶ್ನೆ. ನಿಲ್ಲುವಾಗ ಎಂಥ ಸದ್ದು ಮಾಡಿತು? ಶುರು ಮಾಡಿ ಎಷ್ಟು ಹೊತ್ತಿಗೆ ನಿಂತಿತು? ಬಹಳ ಜನರ ಹತ್ತಿರ ಇವಕ್ಕೆ ಉತ್ತರ ಇರುವುದಿಲ್ಲ. ಆದರೆ ಅಷ್ಟರಲ್ಲಿ ಸ್ಪಾರ್ಕ್ ಪ್ಲಗ್ ಬದಲಾಗಿರುತ್ತದೆ, ಏರ್ ಫಿಲ್ಟರ್ ಹೊಸದಾಗಿರುತ್ತದೆ, ಕೆಲವರ ಮಷಿನ್‌ನಲ್ಲಿ ಪೆಟ್ರೋಲ್‌ಗೆ ಗಾಳಿ ಬೆರೆಸುವ ಕಾರ್ಬೊರೇಟರ್ ಕೂಡ ಹೊಸದಾಗಿ ಬಂದು ಕೂತಿರುತ್ತದೆ. ದುಡ್ಡು ಖರ್ಚಾಯಿತು, ಮಷಿನ್ ಮಾತ್ರ ಮೊದಲಿನ ಹಾಗೇ ನಿಲ್ಲುತ್ತಿದೆ. ನೋಡಿದರೆ ಹೊಟ್ಟೆ ಉರಿಯುತ್ತದೆ.

ಮೊದಲು ಒಂದು ಗೊಂದಲ ಬಗೆಹರಿಸಿಕೊಳ್ಳೋಣ. ನಿಂತಿದ್ದು ಎಂಜಿನ್ನೋ, ಕರೆಂಟೋ? ಒಳಗೆ ಏಸಿ ಆಫ್ ಆದ ಕೂಡಲೇ ಜನರೇಟರ್ ನಿಂತಿತು ಅಂದುಕೊಳ್ಳುವವರು ಜಾಸ್ತಿ. ಹೊರಗೆ ಬಂದು ಕಿವಿಗೊಟ್ಟರೆ ಎಂಜಿನ್ ಓಡುತ್ತಲೇ ಇರುತ್ತದೆ, ಅದರ ಮೇಲಿನ ಬ್ರೇಕರ್ ಮಾತ್ರ ಟ್ರಿಪ್ ಆಗಿರುತ್ತದೆ. ಅದು ಲೋಡ್ ಜಾಸ್ತಿಯಾದದ್ದು ಇಲ್ಲವೇ ವೈರಿಂಗ್ ತೊಂದರೆ, ಅದಕ್ಕಾಗಿ ಎಂಜಿನ್ ಬಿಚ್ಚಬೇಡಿ. ಎಂಜಿನ್ನೇ ನಿಂತಿದ್ದರೆ ಆಗ ಅದರ ಪಕ್ಕ ಕೂರಬೇಕು. ಕೈಯಲ್ಲಿ ಗಡಿಯಾರ ಇರಬೇಕು, ಸ್ಪ್ಯಾನರ್ ಅಲ್ಲ.

ಸ್ವಿಚ್ ಆರಿಸಿದ ಹಾಗೆ ಟಕ್ ಅಂತ ನಿಂತರೆ ಯಾರೋ ಕಿಡಿ ಕಿತ್ತುಕೊಂಡಿದ್ದಾರೆ ಅಂತ ಅರ್ಥ. ಅದು ಕಂಟ್ರೋಲ್ ಬೋರ್ಡ್ ಇರಬಹುದು, ಆಯಿಲ್ ಸ್ವಿಚ್ ಇರಬಹುದು, ಕಿಡಿಗೆ ಕರೆಂಟ್ ಕೊಡುವ ಇಗ್ನಿಷನ್ ಕಾಯಿಲ್ ಇರಬಹುದು, ಬ್ಯಾಟರಿಯ ಸಡಿಲ ಟರ್ಮಿನಲ್ ಕೂಡ ಇರಬಹುದು. ಹಾಗಲ್ಲದೆ ಸದ್ದು ಏರಿ ಇಳಿದು, ಒಂದೆರಡು ಸಲ ಕೆಮ್ಮಿ, ಮತ್ತೆ ಚೇತರಿಸಿಕೊಂಡಂತೆ ಮಾಡಿ, ಕೊನೆಗೆ ನಿಧಾನಕ್ಕೆ ಸತ್ತರೆ ಅದಕ್ಕೆ ಪೆಟ್ರೋಲ್ ಸಿಗುತ್ತಿಲ್ಲ. ಈ ಎರಡು ಸದ್ದುಗಳ ವ್ಯತ್ಯಾಸ ಒಮ್ಮೆ ಕಿವಿಗೆ ಬಿದ್ದರೆ ಮತ್ತೆ ಮರೆಯುವುದಿಲ್ಲ. ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ.

ನನ್ನ ಹತ್ತಿರ ಬರುವ ಕೇಸ್‌ಗಳಲ್ಲಿ ಜಾಸ್ತಿ ಇರುವುದು ಎರಡನೆಯ ಬಗೆ, ಹಾಗಾಗಿ ಅದನ್ನೇ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಗಾಡಿಯ ಟ್ಯಾಂಕಿನಿಂದಲೇ ಜನರೇಟರ್ ಕೂಡ ಪೆಟ್ರೋಲ್ ಕುಡಿಯುವ ಮೋಟರ್‌ಹೋಮ್‌ಗಳಲ್ಲಿ ಅದರ ಹೀರುವ ಪೈಪ್ ಟ್ಯಾಂಕಿನ ತಳದವರೆಗೂ ಹೋಗುವುದಿಲ್ಲ. ಸಾಮಾನ್ಯವಾಗಿ ಕಾಲು ಟ್ಯಾಂಕ್ ಮಟ್ಟದಲ್ಲೇ ನಿಲ್ಲಿಸಿರುತ್ತಾರೆ. ಇಡೀ ರಾತ್ರಿ ಏಸಿ ಹಾಕಿ ಮಲಗಿದರೂ ಬೆಳಗ್ಗೆ ಗಾಡಿ ಓಡಿಸಿಕೊಂಡು ಹೋಗಲು ಪೆಟ್ರೋಲ್ ಉಳಿದಿರಲಿ ಅಂತ ಹಾಗೆ ಮಾಡಿದ್ದು. ಇದು ಗೊತ್ತಿಲ್ಲದೆ ಕಾರ್ಬೊರೇಟರ್ ಬಿಚ್ಚಿದವರನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಗಾಡಿ ಇಳಿಜಾರಿನಲ್ಲಿ ನಿಂತಿದ್ದರೆ ಟ್ಯಾಂಕ್ ಮೂರನೇ ಒಂದು ಭಾಗ ತುಂಬಿದ್ದರೂ ಪೈಪ್ ಬಾಯಿ ಗಾಳಿಗೆ ತೆರೆದುಕೊಳ್ಳಬಹುದು. ಆದ್ದರಿಂದ ಮೊದಲು ಅರ್ಧ ಟ್ಯಾಂಕಿಗಿಂತ ಜಾಸ್ತಿ ತುಂಬಿಸಿ, ಸಮತಟ್ಟಾದ ಕಡೆ ನಿಲ್ಲಿಸಿ, ಮತ್ತೆ ಓಡಿಸಿ ನೋಡಿ.

ಒಂದು ಕೇಸ್ ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಟ್ಯಾಂಕ್ ಫುಲ್ ಇದ್ದರೆ ಗಂಟೆಗಟ್ಟಲೆ ಓಡುತ್ತಿತ್ತು, ಅರ್ಧಕ್ಕೆ ಬಂದರೆ ಹದಿನೈದು ನಿಮಿಷಕ್ಕೆ ಕೆಮ್ಮಿ ನಿಲ್ಲುತ್ತಿತ್ತು. ಫಿಲ್ಟರ್ ಹೊಸದು, ಪಂಪ್ ಹೊಸದು. ಕೆಳಗೆ ಒಂದು ಹನಿ ಪೆಟ್ರೋಲ್ ಸೋರಿದ ಗುರುತಿಲ್ಲ, ವಾಸನೆಯೂ ಇಲ್ಲ. ನಾನು ಪಂಪಿನ ಹಿಂದೆ ಗೇಣುದ್ದ ಪಾರದರ್ಶಕ ಪೈಪ್ ಹಾಕಿ, ಟಾರ್ಚ್ ಬಿಟ್ಟು ನೋಡುತ್ತಾ ಕೂತೆ. ಮೊದಲು ಪೈಪ್ ತುಂಬಾ ತಿಳಿ ಪೆಟ್ರೋಲ್. ಹತ್ತನೇ ನಿಮಿಷಕ್ಕೆ ಸಾಸಿವೆ ಕಾಳಿನಷ್ಟು ಒಂದು ಗುಳ್ಳೆ ಹಾದುಹೋಯಿತು. ಆಮೇಲೆ ಎರಡು. ಆಮೇಲೆ ಸಾಲು ಸಾಲು ಗುಳ್ಳೆ. ಸಾಲು ಉದ್ದವಾಗುತ್ತಿದ್ದ ಹಾಗೇ ಎಂಜಿನ್ ಸದ್ದು ಏರಿಳಿಯಲು ಶುರುವಾಯಿತು, ನಿಂತೇ ಹೋಯಿತು. ಟ್ಯಾಂಕಿನ ಮೇಲ್ಭಾಗದಲ್ಲಿ, ಕ್ಲಾಂಪ್ ಹತ್ತಿರ, ಹಳೇ ರಬ್ಬರ್ ಪೈಪ್ ಒಣಗಿ ಕೂದಲೆಳೆಯಷ್ಟು ಬಿರುಕು ಬಿಟ್ಟಿತ್ತು. ಪಂಪಿಗೆ ಹಿಂದಿನ ಪೈಪಿನಲ್ಲಿ ಒತ್ತಡ ಇರುವುದಿಲ್ಲ, ಎಳೆತ ಇರುತ್ತದೆ. ಅದಕ್ಕೇ ಅಲ್ಲಿ ಬಿರುಕು ಬಿಟ್ಟರೆ ಪೆಟ್ರೋಲ್ ಹೊರಗೆ ಬರುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ. ಮಟ್ಟ ಇಳಿದಷ್ಟೂ ಪಂಪ್ ಜಾಸ್ತಿ ಎಳೆಯಬೇಕು, ಅಷ್ಟೂ ಗಾಳಿ ನುಗ್ಗುತ್ತದೆ. ಒಂದು ಮೊಳ ಪೈಪ್ ಬದಲಾಯಿಸಿದ್ದಕ್ಕೆ ಎಲ್ಲ ಸರಿಹೋಯಿತು. ಗಾಡಿಗೆ ಹತ್ತು ವರ್ಷ ದಾಟಿದ್ದರೆ ಬೇರೆ ಏನು ಮಾಡುವ ಮೊದಲೂ ರಬ್ಬರ್ ಪೈಪ್‌ಗಳನ್ನು ಬೆರಳಲ್ಲಿ ಬಗ್ಗಿಸಿ ನೋಡಿ. ಮೈಮೇಲೆ ಸಣ್ಣ ಗೀರುಗಳು ಕಂಡರೆ ಬದಲಾಯಿಸಿಬಿಡಿ, ಯೋಚನೆ ಬೇಡ.

ತನ್ನದೇ ಪುಟ್ಟ ಟ್ಯಾಂಕ್ ಇರುವ, ಕೈಯಲ್ಲಿ ಎತ್ತಿಕೊಂಡು ಹೋಗುವ ಜನರೇಟರ್ ಆದರೆ ಮುಚ್ಚಳ ನೋಡಿ. ಅದರಲ್ಲಿ ಗಾಳಿ ಆಡಲು ಒಂದು ಕಿಂಡಿ ಇರುತ್ತದೆ. ಅದು ಮುಚ್ಚಿಹೋದರೆ ಅಥವಾ ಅದರ ಗುಂಡಿಯನ್ನು ತಿರುಗಿಸಲು ಮರೆತರೆ ಟ್ಯಾಂಕಿನ ಒಳಗೆ ನಿರ್ವಾತ ಆಗಿ ಪೆಟ್ರೋಲ್ ಇಳಿಯುವುದಿಲ್ಲ. ಪ್ರತಿಸಲ ಹೆಚ್ಚುಕಡಿಮೆ ಅಷ್ಟೇ ಹೊತ್ತಿಗೆ ನಿಲ್ಲುತ್ತದೆ. ಎಂಜಿನ್ ತಣ್ಣಗಾದ ಮೇಲೆ ಮುಚ್ಚಳ ಸಡಿಲ ಮಾಡಿದಾಗ ಉಸ್ಸ್ ಅಂತ ಗಾಳಿ ಒಳಗೆ ಹೋದರೆ ಕಳ್ಳ ಸಿಕ್ಕಿದ.

ಕಾರ್ಬೊರೇಟರ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ತಿಂಗಳುಗಟ್ಟಲೆ ನಿಂತ ಪೆಟ್ರೋಲ್ ಅಂಟಾಗಿ ಜೆಟ್‌ನ ಸೂಜಿಗಾತ್ರದ ತೂತಿನಲ್ಲಿ ಕೂರುತ್ತದೆ. ಲೋಡ್ ಇಲ್ಲದಾಗ ಎಂಜಿನ್ ಉಯ್ಯಾಲೆ ಆಡಿದ ಹಾಗೆ ಏರಿಳಿದರೆ, ಗಾಳಿ ಕಡಿಮೆ ಮಾಡುವ ಚೋಕ್ ಸ್ವಲ್ಪ ಎಳೆದಾಗ ಸರಿಹೋದರೆ, ಬಹುತೇಕ ಜೆಟ್ ಕಟ್ಟಿದೆ ಅಂತಲೇ ಅರ್ಥ. ಬಿಚ್ಚಿ ಸರಿಯಾಗಿ ತೊಳೆಯಬೇಕು. ಟ್ಯಾಂಕಿಗೆ ಸುರಿಯುವ ಕ್ಲೀನರ್‌ನಿಂದ ಪೂರ್ತಿ ಕಟ್ಟಿದ ಜೆಟ್ ತೆರೆದದ್ದನ್ನು ನಾನಂತೂ ಕಂಡಿಲ್ಲ.

ಸುಮ್ನೆ ಓಡುವಾಗ ಚೆನ್ನಾಗಿದ್ದು ಏಸಿ ಶುರುವಾದ ಕ್ಷಣ ಕುಸಿದು ನಿಂತರೆ? 13,500 ಬಿಟಿಯು ಏಸಿ ಓಡುವಾಗ ಸುಮಾರು 1500 ವ್ಯಾಟ್ ಎಳೆದರೂ, ಅದರ ಕಂಪ್ರೆಸರ್ ಶುರುವಾಗುವ ಕ್ಷಣಕ್ಕೆ ಎರಡು ಮೂರು ಪಟ್ಟು ಬೇಕಾಗುತ್ತದೆ. ಅದೇ ಹೊತ್ತಿಗೆ ಮೈಕ್ರೋವೇವ್, ಗೀಸರ್, ಬ್ಯಾಟರಿ ಚಾರ್ಜರ್ ಎಲ್ಲ ಓಡುತ್ತಿದ್ದರೆ ಎಂಜಿನ್ ತಡೆಯುವುದಿಲ್ಲ. ಬೆಟ್ಟದ ಮೇಲೆ ಇನ್ನೂ ಕಷ್ಟ. ಸುಮಾರು 300 ಮೀಟರ್ ಏರಿದರೆ ಶಕ್ತಿ ನೂರಕ್ಕೆ ಮೂರೂವರೆಯಷ್ಟು ಇಳಿಯುತ್ತದೆ. 4000 ವ್ಯಾಟ್ ಮಷಿನ್ 1500 ಮೀಟರ್ ಎತ್ತರದಲ್ಲಿ 3300 ಆಸುಪಾಸು ಕೊಟ್ಟರೆ ಹೆಚ್ಚು. ಕಾರ್ಬೊರೇಟರ್ ಮೇಲೆ ಎತ್ತರಕ್ಕೆ ಹೊಂದಿಸುವ ತಿರುಪು ಇದ್ದರೆ ಮೇಲೆ ಹೋದಾಗ ತಿರುಗಿಸಿ, ಕೆಳಗೆ ಬಂದಾಗ ವಾಪಸ್ ತಿರುಗಿಸುವುದನ್ನು ಮರೆಯಬೇಡಿ. ಸೈಲೆನ್ಸರ್‌ನಲ್ಲಿ ಕಿಡಿ ತಡೆಯುವ ಜಾಲರಿ ಇರುತ್ತದೆ, ಅದರಲ್ಲಿ ಮಸಿ ಕಟ್ಟಿದರೂ ಲೋಡ್ ಬಿದ್ದಾಗ ಉಸಿರು ಕಟ್ಟುತ್ತದೆ. ಇದನ್ನು ಯಾರೂ ನೋಡುವುದೇ ಇಲ್ಲ.

ಈಗ ಟಕ್ ಅಂತ ನಿಲ್ಲುವವು. ಮೊದಲು ಆಯಿಲ್. ಗಾಡಿ ಸಮನಾಗಿ ನಿಲ್ಲಿಸಿ, ಎಂಜಿನ್ ಆರಿಸಿ, ಡಿಪ್‌ಸ್ಟಿಕ್ ಒರೆಸಿ ಮತ್ತೆ ಅದ್ದಿ ನೋಡಿ. ಕಡಿಮೆ ಇದ್ದರೆ ಸ್ವಿಚ್ ಎಂಜಿನ್ ನಿಲ್ಲಿಸುತ್ತದೆ, ಅದು ಅದರ ಕೆಲಸ. ಕೆಲವರು ಆ ಸ್ವಿಚ್ಚಿನ ವೈರ್ ಕಿತ್ತು ಓಡಿಸುತ್ತಾರೆ. ದಯವಿಟ್ಟು ಬೇಡ. ಒಬ್ಬರು ಹಾಗೆ ಮಾಡಿ ಒಂದು ವಾರ ಚೆನ್ನಾಗಿ ಓಡಿತು ಅಂತ ಖುಷಿಪಟ್ಟಿದ್ದರು, ಎರಡನೇ ವಾರ ಎಂಜಿನ್ ಜಾಮ್ ಆಗಿ ನನ್ನ ಹತ್ತಿರ ತಂದರು. ಕನೆಕ್ಟಿಂಗ್ ರಾಡ್ ಕ್ರ್ಯಾಂಕಿಗೆ ಕಚ್ಚಿಕೊಂಡು ನೀಲಿ ಬಣ್ಣಕ್ಕೆ ತಿರುಗಿತ್ತು. ಆಯಿಲ್ ಸರಿ ಇದ್ದೂ ನಿಲ್ಲುತ್ತಿದ್ದರೆ ಸ್ವಿಚ್ ಕೆಟ್ಟಿರಬಹುದು ನಿಜ, ಆದರೆ ಗೇಜ್ ಹಾಕಿ ಒತ್ತಡ ಅಳೆದ ಮೇಲೆಯೇ ಹಾಗೆ ಹೇಳಬೇಕು.

ಸ್ಟಾರ್ಟ್ ಗುಂಡಿ ಒತ್ತಿ ಹಿಡಿದಷ್ಟು ಹೊತ್ತು ಓಡಿ, ಕೈ ಬಿಟ್ಟ ಕೂಡಲೇ ನಿಲ್ಲುವುದು ಇನ್ನೊಂದು ಬಗೆ. ಎಂಜಿನ್ ಓಡುತ್ತಿದೆ, ಕರೆಂಟ್ ಬರುತ್ತಿದೆ ಅನ್ನುವ ಸುದ್ದಿ ಕಂಟ್ರೋಲ್ ಬೋರ್ಡಿಗೆ ತಲುಪುತ್ತಿಲ್ಲ, ಹಾಗಾಗಿ ಅದು ಪೆಟ್ರೋಲ್ ಪಂಪನ್ನೂ ಕಿಡಿಯನ್ನೂ ನಿಲ್ಲಿಸುತ್ತದೆ. ಬ್ರಷ್ ಅಂದರೆ ಕರೆಂಟ್ ದಾಟಿಸುವ ಇಂಗಾಲದ ತುಂಡು, ಅದು ಒತ್ತಿಕೊಂಡಿರುವ ತಿರುಗುವ ಉಂಗುರವೇ ಸ್ಲಿಪ್ ರಿಂಗ್. ಬ್ರಷ್ ಇರುವ ಮಾದರಿಗಳಲ್ಲಿ, ತುಂಬಾ ದಿನ ಓಡಿಸದೆ ಇಟ್ಟಾಗ ಸ್ಲಿಪ್ ರಿಂಗ್ ಮೇಲೆ ಕಂದು ಪದರ ಕಟ್ಟುತ್ತದೆ. ಬ್ಯಾಟರಿ ಕಳಚಿ, ಬ್ರಷ್ ತೆಗೆದು, ನಯವಾದ ಉಜ್ಜುಹಾಳೆಯಿಂದ ರಿಂಗ್ ಹೊಳೆಯುವ ತನಕ ಉಜ್ಜಿದರೆ ಎಷ್ಟೋ ಮಷಿನ್ ಮತ್ತೆ ಬದುಕುತ್ತವೆ. ಬೋರ್ಡ್ ಹೋಯಿತು ಅಂತ ಹೊಸ ಬೋರ್ಡ್ ತರಿಸುವ ಮೊದಲು ಇದನ್ನೂ, ಬ್ಯಾಟರಿಯ ಅರ್ಥಿಂಗ್ ಜೋಡಣೆಯನ್ನೂ ನೋಡಲೇಬೇಕು.

ಅರ್ಧ ಗಂಟೆ ಓಡಿ ಟಕ್ ಅಂತ ನಿಂತು, ತಣ್ಣಗಾದ ಮೇಲೆ ಏನೂ ಆಗೇ ಇಲ್ಲವೇನೋ ಅನ್ನುವ ಹಾಗೆ ಸ್ಟಾರ್ಟ್ ಆದರೆ ಇಗ್ನಿಷನ್ ಕಾಯಿಲ್ ಮೇಲೆ ಅನುಮಾನ ಪಡಿ. ಬಿಸಿಯಾದಾಗ ಅದರೊಳಗಿನ ತಂತಿ ಬಿಟ್ಟುಕೊಳ್ಳುತ್ತದೆ. ಕಿಡಿ ಪರೀಕ್ಷೆ ಮಾಡಬೇಕಾದ್ದು ನಿಂತ ಆ ನಿಮಿಷದಲ್ಲೇ. ಹೊರಗಿನ ಸ್ಪಾರ್ಕ್ ಟೆಸ್ಟರ್ ಸಿಕ್ಕಿಸಿ, ಪೆಟ್ರೋಲ್ ಹತ್ತಿರ ಇಲ್ಲದ ಹಾಗೆ ನೋಡಿಕೊಳ್ಳಿ. ಟೀ ಕುಡಿದು ಬಂದು ನೋಡಿದರೆ ಕಿಡಿ ಚೆನ್ನಾಗೇ ಇರುತ್ತದೆ, ಏನೂ ಗೊತ್ತಾಗುವುದಿಲ್ಲ. ಎಂಜಿನ್ ತಣ್ಣಗಿಡುವ ಗಾಳಿ ಒಳಗೆ ಹೋಗುವ ದಾರಿಯನ್ನೂ ನೋಡಿ. ಅಲ್ಲಿ ಕಣಜ ಮಣ್ಣಿನ ಗೂಡು ಕಟ್ಟಿದ್ದನ್ನು, ಇಲಿ ಹುಲ್ಲು ತುಂಬಿದ್ದನ್ನು ಕೈಯಾರೆ ತೆಗೆದಿದ್ದೇನೆ.

ಓನಾನ್ ಕಂಪನಿಯಂಥ ಮಷಿನ್‌ಗಳಲ್ಲಿ ಸ್ಟಾರ್ಟ್ ಸ್ವಿಚ್ಚಿನ ದೀಪವೇ ಮಿನುಗಿ ಕಾರಣ ಹೇಳುತ್ತದೆ. 2 ಸಲ ಮಿನುಗಿದರೆ ಆಯಿಲ್ ಒತ್ತಡ ಕಡಿಮೆ. 3 ಸಲ ಮಿನುಗಿದರೆ ಸ್ಟಾಪ್ ಒಮ್ಮೆ ಒತ್ತಬೇಕು, ಆಗ ಎರಡಂಕಿಯ ಕೋಡ್ ಬರುತ್ತದೆ. 36 ಬಂದರೆ ಬೋರ್ಡ್ ಹೇಳದೆಯೇ ಎಂಜಿನ್ ತಾನಾಗಿ ನಿಂತಿದೆ ಅಂತ, ಬಹುತೇಕ ಅದು ಪೆಟ್ರೋಲ್ ಕಡೆಗೇ ಕೈ ತೋರಿಸುತ್ತದೆ. ಮೊದಲೇ ಹೇಳಿದ ಕೆಮ್ಮು ಇದರ ಜೊತೆ ಹೊಂದಿದರೆ ಮತ್ತೆ ಬೇರೆ ಹುಡುಕಾಟ ಬೇಡ.

ಇಷ್ಟೆಲ್ಲ ಪರೀಕ್ಷೆ ಮಾಡುವಾಗ ಜನರೇಟರ್ ಪದೇ ಪದೇ ಓಡುತ್ತಿರುತ್ತದೆ, ನೀವು ಅದರ ಪಕ್ಕದಲ್ಲೇ ಇರುತ್ತೀರಿ. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣ ಇಲ್ಲ, ವಾಸನೆ ಇಲ್ಲ, ತಲೆನೋವು ಶುರುವಾದ ಮೇಲೆ ಎಚ್ಚರವಾಗಲು ತಡವಾಗಿರಬಹುದು. ತೆರೆದ ಜಾಗದಲ್ಲೇ ಓಡಿಸಿ, ಸೈಲೆನ್ಸರ್ ಪೈಪಿನ ಜೋಡಣೆ ಬಿಟ್ಟಿದ್ದರೆ ಓಡಿಸಲೇಬೇಡಿ, ಗಾಡಿ ಒಳಗಿನ ಡಿಟೆಕ್ಟರ್‌ನ ಅವಧಿ ಮುಗಿದಿದೆಯಾ ಅಂತ ಅದರ ಹಿಂದೆ ಬರೆದ ತಾರೀಖು ಓದಿ. ಈ ಮಾತಿನಲ್ಲಿ ನಾನು ಯಾರಿಗೂ ರಿಯಾಯಿತಿ ಕೊಡುವುದಿಲ್ಲ.

ರಿಪೇರಿ ಆದ ಮೇಲೆ ತಿಂಗಳಿಗೊಮ್ಮೆ 2 ಗಂಟೆ, ಅರ್ಧ ಲೋಡ್ ಹಾಕಿ ಓಡಿಸಿ. ಲೋಡ್ ಇಲ್ಲದೆ ಐದು ನಿಮಿಷ ಓಡಿಸಿದರೆ ಸಾಲದು, ಒಳಗೆ ಕಟ್ಟಿದ ತೇವ ಆರುವಷ್ಟು ಬಿಸಿ ಆಗುವುದಿಲ್ಲ, ಬ್ರಷ್ ರಿಂಗ್ ಮೇಲೆ ಉಜ್ಜಿ ಶುಚಿ ಮಾಡುವಷ್ಟು ಹೊತ್ತೂ ಸಿಗುವುದಿಲ್ಲ. ಚಳಿಗಾಲಕ್ಕೆ ಗಾಡಿ ನಿಲ್ಲಿಸುವವರು ಪೆಟ್ರೋಲ್ ಕೆಡದಂತೆ ತಡೆಯುವ ಸ್ಟೆಬಿಲೈಸರ್ ಬೆರೆಸಿ, ಅದು ಕಾರ್ಬೊರೇಟರ್ ತನಕ ಹೋಗುವ ಹಾಗೆ ಒಂದಷ್ಟು ಹೊತ್ತು ಓಡಿಸಿಯೇ ಆರಿಸಬೇಕು.